ಅಮ್ಮನ ಮಾತು, ಮಗಳ ಬಾಯಿ

ಅವನು ಮಾತಾಡುವಾಗ ಅಮ್ಮನನ್ನೇ ನೋಡುತ್ತಿದ್ದ. ಮಗಳ ಗಮನ ಮೊದಲು ಹೋದದ್ದು ಅಲ್ಲಿಗೆ.

ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಬಾಡಿಗೆ ಮನೆಯ ಮಾಲೀಕರ ವರಾಂಡದಲ್ಲಿ, ಎಲ್ಲ ಕಡೆಯೂ ಜನ ಮಗಳ ಮುಖ ನೋಡಿ "ಅವರಿಗೆ ಹೇಳಿ" ಅನ್ನುತ್ತಿದ್ದರು. ಹುಟ್ಟಿನಿಂದ ಕಿವಿ ಕೇಳಿಸದ ಅಮ್ಮ ಪಕ್ಕದಲ್ಲಿ ಯಾರೋ ಇಟ್ಟು ಮರೆತ ಚೀಲದ ಹಾಗೆ ಕೂತಿರುತ್ತಿದ್ದಳು. ಈ ಆಪ್ತ ಸಮಾಲೋಚಕ ಮಾತ್ರ ಕುರ್ಚಿಗಳನ್ನು ಕಿಟಕಿಯ ಹತ್ತಿರಕ್ಕೆ ಎಳೆದ. ಬೆಳಕು ಎಲ್ಲರ ಕೈಮೇಲೂ ಬೀಳಬೇಕಂತೆ. ಆಮೇಲೆ ಅಮ್ಮನ ಕಣ್ಣಿಗೆ ಕಣ್ಣು ಕೊಟ್ಟು, "ನಿಮಗೆ ಏನು ಕಷ್ಟ ಆಗ್ತಿದೆ, ನಿಧಾನವಾಗಿ ಹೇಳಿ" ಅಂದು ಕಾದ.

ಮಗಳು ಅದನ್ನು ಸನ್ನೆಗೆ ತಿರುಗಿಸಿದಳು. ಅಮ್ಮನ ಕೈಗಳು ಎದ್ದವು. ಅಪ್ಪ ತೀರಿಕೊಂಡ ಮೇಲೆ ಆ ಕೈಗಳು ಇಷ್ಟು ಬೇಗ ಓಡಿದ್ದನ್ನು ಮಗಳು ನೋಡಿರಲಿಲ್ಲ.

'ಗಂಡ ಹೋದ. ಅತ್ತಿದ್ದಾಯಿತು. ಆ ದುಃಖಕ್ಕೆ ಒಂದು ಹೆಸರಿದೆ, ಅದನ್ನು ನಾನು ನೋಡಿಕೊಳ್ಳುತ್ತೇನೆ. ನನ್ನ ಚಿಂತೆ ಇವಳು. ಚಿಕ್ಕಂದಿನಿಂದ ನನ್ನ ಬಾಯಾಗಿ ನಿಂತಳು. ಈಗ ಬಾಗಿಲಲ್ಲೇ ನಿಂತಿದ್ದಾಳೆ. ತಾನೂ ಹೊರಗೆ ಹೋಗುವುದಿಲ್ಲ, ನನಗೂ ದಾರಿ ಬಿಡುವುದಿಲ್ಲ. ಹೋಗು ಅಂತ ಹೇಗೆ ಹೇಳಲಿ? ಹೇಳಿದರೆ ತಾನು ಬೇಡವಾದೆ ಅಂದುಕೊಳ್ಳುತ್ತಾಳೆ.'

ಅದನ್ನೂ ಅಮ್ಮ ಮಗಳ ಬಾಯಿಂದಲೇ ಹೇಳಿಸಬೇಕಾಗಿತ್ತು. ಬೇರೆ ಬಾಯಿ ಅವಳಿಗೆ ಇರಲಿಲ್ಲ.

ಮಗಳು ಸಮಾಲೋಚಕನ ಕಡೆ ತಿರುಗಿದಳು. "ಅಪ್ಪ ಹೋದ ಮೇಲೆ ನಿದ್ದೆ ಬರಲ್ಲ ಅಂತಾರೆ," ಅಂದಳು. "ಊಟಾನೂ ಸೇರಲ್ಲ ಅಂತಾರೆ."

ಎರಡೂ ನಿಜವೇ. ಆದರೆ ಅಮ್ಮ ಹೇಳಿದ್ದು ಅದಲ್ಲ.

ಅವನು ತನ್ನ ಶರ್ಟಿನ ಗುಂಡಿಯೊಂದನ್ನು ಹಿಡಿದು ತಿರುಗಿಸತೊಡಗಿದ. ಒಮ್ಮೆ ಅಮ್ಮನ ಕೈ ನೋಡಿದ. ಒಮ್ಮೆ ಮಗಳ ಮುಖ ನೋಡಿದ.

"ತುಂಬಾ ಹೊತ್ತು ಹೇಳಿದ್ರು," ಅಂದ.

"ನಮ್ಮ ಭಾಷೆ ಹಾಗೇ. ಉದ್ದ ಇರತ್ತೆ."

ಅದೂ ಸುಳ್ಳು. ಬಾಯಲ್ಲಿ ನಾಲ್ಕು ಮಾತು ಬೇಕಾದ ಕಡೆ ಅವರ ಭಾಷೆಗೆ ಒಂದು ಹುಬ್ಬು ಸಾಕು.

"ಹಾಗಿದ್ರೆ ಹೀಗೆ ಮಾಡೋಣ," ಅಂದ ಅವನು, ಮತ್ತೆ ಅಮ್ಮನನ್ನೇ ನೋಡುತ್ತ. "ಮುಂದಿನ ಸಲ ನಿಮ್ಮ ಭಾಷೆ ಗೊತ್ತಿರೋ ಹೊರಗಿನವರನ್ನ ಕರೆಸ್ತೀನಿ. ನಿಮ್ಮ ಮಗಳು ಹೊರಗೆ ಕೂತ್ಕೊಳ್ಳಿ. ಮನೆಯವರ ಮುಂದೆ ಹೇಳೋಕಾಗದ ಮಾತು ಎಲ್ರಿಗೂ ಇರತ್ತೆ."

ಮಗಳು ಇದನ್ನು ಸನ್ನೆಗೆ ತಿರುಗಿಸಲಿಲ್ಲ. "ನಾನು ಶಾಲೆ ಯೂನಿಫಾರ್ಮ್‌ನಲ್ಲಿದ್ದೆ," ಅಂದಳು. ದನಿ ಏರಲಿಲ್ಲ. "ಅಮ್ಮನ ಹೊಟ್ಟೇಲಿದ್ದ ಮಗು ಉಳೀಲಿಲ್ಲ ಅಂತ ಡಾಕ್ಟರು ನನಗೆ ಹೇಳಿದ್ರು. ನಾನು ಅಮ್ಮಂಗೆ ಹೇಳ್ದೆ. ಅಪ್ಪಂಗೂ ಕಿವಿ ಕೇಳ್ತಿರ್ಲಿಲ್ಲ, ಅವರೂ ನನ್ನ ಕೈನೇ ನೋಡ್ತಾ ನಿಂತಿದ್ರು. ಆವತ್ತು ನನ್ನನ್ನ ಯಾರೂ ಹೊರಗೆ ಕೂತ್ಕೊ ಅನ್ಲಿಲ್ಲ ಸಾರ್."

"ಅನ್ನಬೇಕಾಗಿತ್ತು," ಅಂದ ಅವನು.

ಇಷ್ಟು ವರ್ಷ ಈ ಕಥೆ ಕೇಳಿದವರೆಲ್ಲ ಜಾಣ ಹುಡುಗಿ ಅಂದಿದ್ದರು.

ಬಸ್ಸಿನಲ್ಲಿ ಅಮ್ಮ ಹೆಬ್ಬೆರಳು, ತೋರುಬೆರಳು ಸೇರಿಸಿ ಎದೆಯ ಹತ್ತಿರ ತಿರುವಿದಳು. ಹೊಸಬರಿಗೆ ಸನ್ನೆಯ ಹೆಸರಿಡುವುದು ಅಮ್ಮನ ಕೆಲಸ. ಅವನಿಗೆ ಗುಂಡಿ ಅಂತ ಹೆಸರು ಬಿತ್ತು.

'ಗುಂಡಿ ಒಳ್ಳೆಯವನು.'

'ಅಹಂಕಾರಿ.'

'ನಿನ್ನ ಬಾಯಿ ಬೇಗ ಮುಚ್ಚಿತು ಇವತ್ತು,' ಅಂದಳು ಅಮ್ಮ. 'ನಾನು ಅಷ್ಟು ಹೇಳಿದೆ. ನೀನು ಇಷ್ಟೇ ಹೇಳಿದೆ.'

ಅಮ್ಮನ ಕೈ ಕಾಣದ ಹಾಗೆ ಮಗಳು ಮುಖ ತಿರುಗಿಸಿ ರಸ್ತೆ ನೋಡಿದಳು. ಅವರ ಮನೆಯಲ್ಲಿ ಬಾಗಿಲು ಬಡಿದು ಹೋಗುವುದೆಂದರೆ ಅದೇ.

*

ಮಗಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಗ್ಗಿದ ಕಡ್ಡಿ ನೇರ ಮಾಡುವುದು, ಸಡಿಲವಾದ ಸ್ಕ್ರೂ ಬಿಗಿಯುವುದು, ಒಂದು ಕಣ್ಣಿನಿಂದ ಇನ್ನೊಂದಕ್ಕೆ ಎಷ್ಟು ದೂರ ಅಂತ ಅಳೆಯುವುದು. ಮೂಗಿನ ಅಗಲದಿಂದ ಜನರ ಸ್ವಭಾವ ಹೇಳಬಲ್ಲೆ ಅನ್ನುವುದು ಅಂಗಡಿಯ ಯಜಮಾನರ ಹೆಗ್ಗಳಿಕೆ. ಅವರ ಮಾತು ಈವರೆಗೆ ನಿಜವಾದದ್ದಿಲ್ಲ.

ಆ ಸಮಾಲೋಚಕ ಅಲ್ಲಿಗೆ ಬಂದದ್ದು ಸ್ಕ್ರೂ ಬಿದ್ದ ಕನ್ನಡಕವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು. ಗಾಜಿನ ಕೌಂಟರಿನ ಹಿಂದೆ ಅವಳನ್ನು ನೋಡಿ ಬಾಗಿಲಲ್ಲೇ ನಿಂತ. ಕನ್ನಡಕ ಇಲ್ಲದೆ ಗುರುತು ಹಿಡಿಯಲು ಕಣ್ಣು ಕಿರಿದು ಮಾಡಬೇಕಾಯಿತು.

"ಇಲ್ಲಿ ನೀವಿದ್ದೀರಿ ಅಂತ ಗೊತ್ತಿರ್ಲಿಲ್ಲ."

"ಗೊತ್ತಿದ್ರೆ?"

"ಬೇರೆ ಅಂಗಡಿಗೆ ಹೋಗ್ತಿದ್ದೆ."

"ಅಷ್ಟು ಕೋಪಾನಾ ನನ್ನ ಮೇಲೆ?"

"ಅಯ್ಯೋ, ಕೋಪ ಅಲ್ಲ. ನಿಮ್ಮ ಅಮ್ಮ ನಮ್ಮಲ್ಲಿಗೆ ಬರ್ತಾರೆ. ಹೊರಗೆ ನಿಮ್ಮ ಜೊತೆ ನಾನು ಜಾಸ್ತಿ ಮಾತಾಡಬಾರದು."

"ಕನ್ನಡಕದ ವಿಷಯ ಮಾತಾಡಬಹುದಾ?"

ಅವನು ನಿಜವಾಗಿಯೂ ಯೋಚಿಸಿದ. "ಕನ್ನಡಕದ ವಿಷಯ ಪರವಾಗಿಲ್ಲ ಅನ್ಸತ್ತೆ."

ಸ್ಕ್ರೂ ಹಾಕುವಾಗ ಮಸೂರವೂ ಗೀಚಿಹೋಗಿದೆ ಅಂತ ಅವಳು ತೋರಿಸಿದಳು. ಹೊಸದು ಹಾಕಬೇಕೆಂದರೆ ಅಳತೆ ಬೇಕು. ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಪುಟ್ಟ ಅಳತೆಪಟ್ಟಿಯನ್ನು ಮೂಗಿನ ಮೇಲೆ ಇಟ್ಟು, ಎದುರಿಗೆ ಬಾಗಿದಳು.

"ನನ್ನ ಎಡಗಣ್ಣು ನೋಡಿ."

ನೋಡಿದ.

"ಈಗ ಬಲಗಣ್ಣು."

ಆ ಕಡೆ ಬರುವ ದಾರಿಯಲ್ಲಿ ಅವನ ದೃಷ್ಟಿ ಅವಳ ಮೂಗಿನ ಮೇಲೆ ಒಂದು ಕ್ಷಣ ತಂಗಿತು. ದಿನಕ್ಕೆ ಎಷ್ಟೋ ಜನರ ಕಣ್ಣನ್ನು ಅವಳು ಹೀಗೇ ನೋಡುತ್ತಾಳೆ. ಅವೆಲ್ಲ ಅಳತೆಗಳು. ಕನ್ನಡಕ ತೆಗೆದ ಅವನ ಕಣ್ಣುಗಳು ಮಾತ್ರ ಈಗಷ್ಟೇ ಎದ್ದು ಇದು ಯಾರ ಮನೆ ಅಂತ ಯೋಚಿಸುವವನ ಕಣ್ಣುಗಳ ಹಾಗಿದ್ದವು. ಅವಳು ಅಂಕಿ ಓದಿದಳು. ಬರೆದುಕೊಳ್ಳುವಷ್ಟರಲ್ಲಿ ಮರೆತುಹೋಯಿತು.

"ಇನ್ನೊಂದ್ಸಲ ನೋಡಿ," ಅಂದಳು.

"ತಪ್ಪಾಯ್ತಾ?"

"ನೀವು ಅಲ್ಲಾಡಿದ್ರಿ."

ಅವನು ಅಲ್ಲಾಡಿರಲಿಲ್ಲ.

ಹೊಸ ಮಸೂರ ತೆಗೆದುಕೊಳ್ಳಲು ಅವನು ಮತ್ತೆ ಬಂದ. ಅವಳು ಕಡ್ಡಿಯನ್ನು ಬಿಸಿ ಮಾಡಿ ಕಿವಿಗೆ ಕೂರಿಸುತ್ತ, "ನಿಮ್ಮ ಒಂದು ಕಿವಿ ಮೇಲಿದೆ" ಅಂದಳು.

"ಇದು ನನ್ನ ತಾಯಿಗೂ ಗೊತ್ತಿಲ್ಲ."

"ತಾಯಂದಿರಿಗೆ ಎಲ್ಲಾ ನೇರವಾಗೇ ಕಾಣತ್ತೆ. ಅದಿರಲಿ, ನಿಮ್ಮ ಕೆಲಸ ಅಂದ್ರೆ ಏನು? ಕೂತ್ಕೊಂಡು ಹೂಂ ಅನ್ನೋದಾ?"

"ಅರ್ಧ ಅದೇ."

"ಇನ್ನರ್ಧ?"

"ಬರೀ ಹೂಂ ಅಂದು ಸುಮ್ಮನಾಗಬಾರದು ಅನ್ನೋದು." ಅವನು ತಡವರಿಸಿದ. ಗುಂಡಿಗೆ ಕೈ ಹೋಯಿತು. "ನಾನು ಹಗಲು ಕೆಲಸ ಮಾಡ್ಕೊಂಡು ಸಂಜೆ ಕ್ಲಾಸಿನಲ್ಲಿ ಇದನ್ನ ಓದಿದವನು. ಸರಿಯಾಗಿ ಹೇಳೋಕೆ ಬರಲ್ಲ. ಒಬ್ಬರ ಕಾಲು ಗಾಯ ಆಗಿದೆ ಅನ್ಕೊಳ್ಳಿ. ಮುಲಾಮು ಹಚ್ಕೊಳ್ಳಿ, ಧೈರ್ಯ ತಗೊಳ್ಳಿ ಅಂತ ಹೇಳಬಹುದು. ಆದ್ರೆ ಊರಿನ ಅಂಗಡೀಲೆಲ್ಲ ಅವರ ಕಾಲಿಗಿಂತ ಸಣ್ಣ ಚಪ್ಪಲೀನೇ ಮಾರ್ತಿದ್ರೆ? ಆಗ ಚಪ್ಪಲಿ ಬಗ್ಗೆ ಮಾತಾಡದೆ ಬರೀ ಕಾಲಿಗೆ ಬುದ್ಧಿ ಹೇಳಿದ್ರೆ ಅದು ಮೋಸ."

ಯಜಮಾನರು ಒಳಗಿನಿಂದ, "ಸಾರ್, ಇದು ಕನ್ನಡಕದ ಅಂಗಡಿ. ಚಪ್ಪಲಿ ಅಂಗಡಿ ಎದುರಿಗಿದೆ" ಅಂದರು.

ಅವಳು ನಕ್ಕಳು. ಅವನಿಗೂ ನಗು ಬಂತು, ಆದರೆ ಬಂದ ಕೂಡಲೇ ನಿಯಮ ನೆನಪಾದವನ ಹಾಗೆ ಅದನ್ನು ಒಳಗೆ ಎಳೆದುಕೊಂಡ. ಆ ಎಳೆದುಕೊಂಡ ನಗು ಅವಳ ತಲೆಯಲ್ಲಿ ಸಂಜೆಯವರೆಗೂ ಉಳಿಯಿತು. ಮನೆಗೆ ಹೋಗಿ ಅಮ್ಮನಿಗೆ ದೂರು ಹೇಳಿದಳು. ನಗುವುದಕ್ಕೂ ಅಪ್ಪಣೆ ಕೇಳುವ ಮನುಷ್ಯ ಅಂದಳು. ಅಮ್ಮ ಬಟ್ಟೆ ಮಡಚುತ್ತ ಪೂರ್ತಿ ಕೇಳಿಸಿಕೊಂಡಳು, ಅಂದರೆ ಪೂರ್ತಿ ನೋಡಿದಳು.

ಮೂರನೆಯ ಸಲ ಅವನು ಒಂದು ಕಡ್ಡಿ ಬಗ್ಗಿದ ಕನ್ನಡಕ ತಂದ. ಗೊತ್ತಿಲ್ಲದೆ ಮೇಲೆ ಕೂತುಬಿಟ್ಟೆ ಅಂದ. ಅವಳು ಏನೂ ಅನ್ನದೆ ನೇರ ಮಾಡಿ ಕೊಟ್ಟಳು. ಹೋಗುವಾಗ ಬಾಗಿಲ ಹತ್ತಿರ ನಿಂತು, ಏನೋ ಹೇಳಲು ಹೊರಟು, "ಮಳೆ ಬರಬಹುದು" ಅಂದ. ಹೊರಗೆ ಸುಡುವ ಬಿಸಿಲಿತ್ತು.

"ಈ ಮನುಷ್ಯನ ಕನ್ನಡಕ ನಮ್ಮಂಗಡೀಲೇ ಬಾಡಿಗೆಗಿದೆ," ಅಂದರು ಯಜಮಾನರು. "ಮೂಗು ನೋಡಮ್ಮ. ಸಂಕೋಚದ ಮೂಗು."

ಆಮೇಲೆ ಅವನು ಬರಲಿಲ್ಲ.

*

ತಿಂಗಳ ನಂತರ, ಎರಡನೆಯ ಭೇಟಿಯ ದಿನ ಸಮಾಲೋಚನಾ ಕೇಂದ್ರದಲ್ಲಿ ಅವನು ಎದುರಿಗೆ ಬರಲಿಲ್ಲ. ಬಂದವಳು ನೆರೆತ ಕೂದಲನ್ನು ಚಿಕ್ಕದಾಗಿ ಕತ್ತರಿಸಿಕೊಂಡ ಒಬ್ಬ ಹೆಂಗಸು. ಅಮ್ಮನ ಎದುರಿಗೆ ನಿಂತು ಕೈ ಎತ್ತಿದಳು. ಆ ಕೈಗಳನ್ನು ನೋಡಿದ ಕೂಡಲೇ ಮಗಳಿಗೆ ಗೊತ್ತಾಯಿತು, ಇವಳಿಗೂ ಕಿವಿ ಕೇಳಿಸುವುದಿಲ್ಲ. ಕಲಿತ ಕೈಗಳಲ್ಲ. ಹುಟ್ಟಿನಿಂದಲೇ ಮಾತಾಡಿದ ಕೈಗಳು.

'ನಾನೂ ಸಮಾಲೋಚಕಿ,' ಅಂದಳು ಆಕೆ. 'ಬೇರೆ ಶಾಖೆಯಿಂದ ಬಂದಿದ್ದೇನೆ. ಇನ್ನು ಮೇಲೆ ನಾವಿಬ್ಬರೇ. ನಡುವೆ ಯಾರೂ ಬೇಡ.'

ಅಮ್ಮ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅಮ್ಮ ಕಾಲುಚೀಲದ ಕಾರ್ಖಾನೆಯಲ್ಲಿ ಜೋಡಿ ಸೇರಿಸುತ್ತಿದ್ದವಳು. ಯಾವುದು ಯಾವುದಕ್ಕೆ ಹೊಂದುತ್ತದೆ ಅಂತ ಅವಳಿಗೆ ಬೇಗ ತಿಳಿಯುತ್ತದೆ. ಮಗಳ ಕಡೆ ತಿರುಗಿಯೂ ನೋಡದೆ ಒಳಗೆ ಹೋದಳು. ಬಾಗಿಲು ಮುಚ್ಚಿತು.

ಬಾಗಿಲಿನ ಗಾಜಿಗೆ ಒಳಗಿನಿಂದ ಕಾಗದ ಅಂಟಿಸಿದ್ದರು. ಕೈಮಾತನ್ನು ಕಾರಿಡಾರಿನಲ್ಲಿ ನಿಂತವರೂ ಕದ್ದು ಕೇಳಬಹುದು ಅನ್ನುವುದು ಯಾರಿಗೋ ಹೊಳೆದಿತ್ತು. ಮಗಳು ಬೆಂಚಿನ ಮೇಲೆ ಕೂತಳು. ಒಳಗೆ ಅಮ್ಮ ಏನೋ ಹೇಳುತ್ತಿದ್ದಾಳೆ, ಅದು ತನಗೆ ಗೊತ್ತಿಲ್ಲ. ಹಿಂದೆ ಎಂದೂ ಹೀಗಾದ ನೆನಪು ಅವಳಿಗಿರಲಿಲ್ಲ. ಎರಡು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡಳು.

ಪಕ್ಕದ ಕೋಣೆಯ ಬಾಗಿಲು ತೆರೆದು ಅವನು ಹೊರಗೆ ಬಂದ. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ.

"ಅಮ್ಮನ್ನ ಕೈಬಿಟ್ರಿ," ಅಂದಳು ಅವಳು.

"ನನಗಿಂತ ಒಳ್ಳೆಯವರ ಕೈಗೆ ಕೊಟ್ಟೆ."

"ನಾನು ಸುಳ್ಳು ಹೇಳಿದೆ ಅಂತ ತಾನೆ?"

"ಆವತ್ತು ಒಳಗೆ ನಡೆದ ಮಾತಿನ ಬಗ್ಗೆ ನಾನು ಏನೂ ಹೇಳೋ ಹಾಗಿಲ್ಲ."

"ನಾನು ಕಣ್ಣಾರೆ ನೋಡಿದ ಮಾತು. ಅದು ನನ್ನಿಂದಾನೇ ಗುಟ್ಟಾ?"

"ಅದು ನಿಮ್ಮ ಅಮ್ಮನ ಮಾತು. ನೀವು ನೋಡಿದ್ರಿ ಅಂತ ನಿಮ್ಮದಾಗಲ್ಲ."

ಅವಳು ಎದ್ದು ಹೋಗಬೇಕು ಅಂದುಕೊಂಡಳು. ಕೈ ಇನ್ನೂ ತೊಡೆಯ ಕೆಳಗಿತ್ತು. "ನಿಮಗೆ ಹೇಗೆ ಗೊತ್ತಾಯ್ತು?"

"ಸಂಜೆ ಸನ್ನೆ ಕಲಿಯೋಕೆ ಹೋಗ್ತಿದ್ದೀನಿ. ಇನ್ನೂ ಅ ಆ ಇ ಈ. ನಿದ್ದೆಗೆ ಯಾವ ಸನ್ನೆ ಅಂತ ಮಾತ್ರ ಗೊತ್ತಿತ್ತು. ಆವತ್ತು ಅಮ್ಮನ ಕೈಲಿ ಅದು ಬರಲಿಲ್ಲ." ಹೇಳಿದ ಕೂಡಲೇ ಕಣ್ಣು ಮುಚ್ಚಿಕೊಂಡ. "ಇಷ್ಟೂ ಹೇಳಬಾರದಾಗಿತ್ತು."

ಅವಳು ಕಾಗದ ಅಂಟಿಸಿದ ಗಾಜಿನ ಕಡೆ ತಿರುಗಿದಳು.

"ಅಮ್ಮ ನನ್ನನ್ನ ಹೋಗು ಅಂದ್ರು," ಅಂದಳು. "ಅದನ್ನ ನನ್ನ ಬಾಯಿಂದ ಹೇಳೋಕಾಗಲಿಲ್ಲ. ಬೇರೆ ಏನು ಬೇಕಾದ್ರೂ ಹೇಳ್ತಿದ್ದೆ. ಸಾವಿನ ಸುದ್ದೀನೇ ಹೇಳಿದ್ದೀನಿ. ನಾನು ಹೋದ್ರೆ ಅಮ್ಮಂಗೆ ಯಾರು ಅಂತ ಎಲ್ರೂ ಕೇಳ್ತಾರೆ. ನಾನು ಹೋದ್ರೆ ನಾನು ಯಾರು ಅಂತ ಯಾರೂ ಕೇಳಿಲ್ಲ."

ಅವನು ಹೂಂ ಅನ್ನಲಿಲ್ಲ. ಬೆಂಚಿನ ತುದಿಯಿಂದ ಸ್ವಲ್ಪ ಈಚೆ ಸರಿದು ಕೂತ.

"ಅಂಗಡಿಗೂ ಬರೋದು ನಿಲ್ಲಿಸಿದ್ರಿ," ಅಂದಳು ಅವಳು ಕೊನೆಗೆ.

"ಅಮ್ಮನ್ನ ಬೇರೆಯವರಿಗೆ ಒಪ್ಪಿಸೋಕೆ ಎರಡು ಕಾರಣ ಇತ್ತು. ಅವರ ಭಾಷೇಲೇ ಕೇಳೋರು ಬೇಕಾಗಿತ್ತು. ಅದೊಂದು."

"ಇನ್ನೊಂದು?"

"ಆವತ್ತು ಕನ್ನಡಕದ ಮೇಲೆ ನಾನು ಕೂತಿರಲಿಲ್ಲ. ಬೇಕಂತ್ಲೇ ಬಗ್ಗಿಸಿದ್ದೆ."

"ಗೊತ್ತು."

"ಗೊತ್ತಾ?"

"ಮೇಲೆ ಕೂತ್ರೆ ಎರಡು ಕಡ್ಡೀನೂ ಹೊರಗೆ ಬಾಗತ್ತೆ. ನಿಮ್ದು ಒಂದೇ ಕಡ್ಡಿ, ಅದೂ ಒಳಕ್ಕೆ. ಕಳ್ಳತನ ಬರದವರು ಮಾಡೋ ಕಳ್ಳತನ."

ಅವನ ಕಿವಿ ಕೆಂಪಾಯಿತು, ಮೇಲಿದ್ದದ್ದು ಮೊದಲು. "ನನ್ನ ತಲೆ ತಿನ್ನೋದು ಇದೇ. ಯಾವ ಕಾರಣ ಮೊದಲು ಬಂತು ಅಂತ ನನಗೇ ಗೊತ್ತಿಲ್ಲ. ನಿಮ್ಮ ಅಮ್ಮನಿಗೆ ಒಳ್ಳೇದಾಗಲಿ ಅಂತ ಮಾಡಿದ್ನೋ, ನಿಮ್ಮ ಅಂಗಡಿಗೆ ನಿರಾಳವಾಗಿ ಬರೋಣ ಅಂತ ಮಾಡಿದ್ನೋ. ಸರಿಯಾದ ಕೆಲಸಾನ ಸ್ವಂತದ ಆಸೆಗೆ ಮಾಡಿದ್ರೆ ಅದು ಸರೀನಾ?"

"ಅಮ್ಮಂಗೆ ಒಳಗೆ ನಗು ಬರ್ತಿದೆ," ಅಂದಳು ಅವಳು. ಬಾಗಿಲಾಚೆ ಅಮ್ಮನ ನಗು ಕೇಳಿಸುತ್ತಿತ್ತು, ತನ್ನ ದನಿ ತನಗೇ ಕೇಳಿಸದವರ ಒರಟು, ದೊಡ್ಡ ನಗು. ಅಪ್ಪ ಹೋದ ಮೇಲೆ ಮನೆಯಲ್ಲಿ ಅದು ಕೇಳಿಸಿರಲಿಲ್ಲ. "ಯಾವುದು ಮೊದಲು ಅಂತ ನೀವು ಯೋಚಿಸ್ತಾ ಕೂತ್ಕೊಳ್ಳಿ. ನನಗೆ ಈ ಶಬ್ದ ಸಾಕು."

ಅವನು ಹೇಳಿದ, "ಇಲ್ಲಿನ ಹಿರಿಯ ಸಮಾಲೋಚಕರ ಹತ್ರ ಎಲ್ಲಾ ಹೇಳಿಬಿಟ್ಟೆ. ಬೈತಾರೆ ಅಂದ್ಕೊಂಡಿದ್ದೆ. ಅವರು, ನಿನ್ನ ಆಸೆಯಿಂದ ಆ ತಾಯಿಗೆ ಈ ಕೇಂದ್ರದ ಬಾಗಿಲು ಮುಚ್ಚೋ ಹಾಗಾಗಬಾರದು ಅಂದ್ರು. ಮೊದಲು ಅವರನ್ನ ಕೇಳು, ಅವರಿಗೆ ಮುಜುಗರ ಅಂದ್ರೆ ಅಲ್ಲಿಗೆ ಬಿಡು ಅಂದ್ರು. ಮಗಳ ಬಾಯಿಂದ ಕೇಳಿಸಬೇಡ ಅಂತಾನೂ ಅಂದ್ರು."

"ನೀವು ಕೇಳ್ತೀರಾ? ಅ ಆ ಇ ಈ ಇಟ್ಕೊಂಡು?"

"ನಾಲ್ಕು ದಿನದಿಂದ ಕನ್ನಡಿ ಮುಂದೆ ನಿಂತು ಕಲೀತಿದ್ದೀನಿ."

*

ಬಾಗಿಲು ತೆರೆಯಿತು. ಅಮ್ಮನ ಮುಖ ಅತ್ತು ಒರೆಸಿಕೊಂಡ ಮುಖದ ಹಾಗೂ ಇತ್ತು, ಜಗಳ ಗೆದ್ದ ಮುಖದ ಹಾಗೂ ಇತ್ತು. ನೇರವಾಗಿ ಮಗಳ ಎದುರಿಗೆ ಬಂದು ನಿಂತಳು.

'ಮುಂದಿನ ವಾರ ನಾನೊಬ್ಬಳೇ ಬರುತ್ತೇನೆ.'

ಮಗಳು ಕೈಗಳನ್ನು ಹೊರಗೆ ತೆಗೆದಳು. ಕೇಳಬಾರದು ಅಂದುಕೊಂಡರೂ ಅವು ಕೇಳಿಬಿಟ್ಟವು. 'ನಾನು ಬೇಡವಾದೆನಾ?'

ಅಮ್ಮ ಮಗಳ ಕೆನ್ನೆಯ ಮಚ್ಚೆಯನ್ನು ಬೆರಳಿನಿಂದ ಮುಟ್ಟಿದಳು. ಸನ್ನೆಯಲ್ಲಿ ಮಗಳ ಹೆಸರು ಅದೇ. 'ಬಾಯಿ ಸಾಕು,' ಅಂದಳು. 'ಮಗಳು ಬೇಕು.'

ಮಗಳು ಮುಖ ತಿರುಗಿಸಲಿಲ್ಲ. ನೋಡುತ್ತಲೇ ನಿಂತಳು, ಕಣ್ಣು ತುಂಬಿ ಅಮ್ಮ ಮಸುಕಾಗುವವರೆಗೆ.

ಅವನು ಎದ್ದು ನಿಂತು, ಅಮ್ಮನ ದೃಷ್ಟಿ ತನ್ನ ಮೇಲೆ ಬೀಳುವವರೆಗೆ ಕಾದ. ಕೈ ಎತ್ತಿದ. ಬೆರಳುಗಳು ಚಳಿಗೆ ಮರಗಟ್ಟಿದ ಹಾಗಿದ್ದವು. ಒಂದೊಂದು ಮಾತನ್ನೂ ತೂಗಿ ತೂಗಿ ಇಟ್ಟ. 'ನಿಮ್ಮ ಮಗಳು. ನನಗೆ. ಇಷ್ಟ. ನಿಮಗೆ ಬೇಡವೆಂದರೆ, ಬೇಡ.'

ಮಗಳು ಒಂದು ಬೆರಳನ್ನೂ ಅಲ್ಲಾಡಿಸಲಿಲ್ಲ.

ಅಮ್ಮ ಕಾರ್ಖಾನೆಯಲ್ಲಿ ಹೊಸ ಕೆಲಸದವರನ್ನು ನೋಡುವ ಹಾಗೆ ತಾಳ್ಮೆಯಿಂದ ಪೂರ್ತಿ ನೋಡಿದಳು. ಆಮೇಲೆ ಉತ್ತರ ಕೊಟ್ಟಳು. ಕೈ ಓಡಿದ ವೇಗಕ್ಕೆ ಅವನ ಅ ಆ ಇ ಈ ಎಲ್ಲಾ ಹಾರಿಹೋಯಿತು. ಅರ್ಧಕ್ಕೇ ಕಳೆದುಹೋಗಿ, ದಿಕ್ಕು ತೋಚದೆ ಮಗಳ ಕಡೆ ತಿರುಗಿದ.

"ಏನಂದ್ರು?"

ಅವಳ ಮುಖ ಬಿಸಿಯಾಗಿತ್ತು. ಆಗಲಿ ಅಂದ್ರು ಅಂತ ಹೇಳಿದರೆ ಸಾಕಾಗಿತ್ತು. ಅದರಲ್ಲಿ ಸುಳ್ಳೂ ಇರಲಿಲ್ಲ. ಅಮ್ಮ ಎದುರಿಗೆ ನಿಂತು ಅವಳ ತುಟಿಯನ್ನೇ ನೋಡುತ್ತಿದ್ದಳು.

ಮಗಳು ಒಂದಕ್ಷರ ಬಿಡದೆ ಹೇಳಿದಳು. "'ನನ್ನ ಮಗಳು ಮನೆಗೆ ಬಂದು ದಿನಾ ನಿನ್ನ ಮೇಲೆ ದೂರು ಹೇಳ್ತಾಳೆ. ಅಹಂಕಾರಿ ಅಂತಾಳೆ. ನಗೋಕೂ ಅಪ್ಪಣೆ ಕೇಳ್ತಾನೆ ಅಂತಾಳೆ. ಅಂಗಡಿಗೆ ಬಂದ್ರೂ ದೂರು, ಬರದಿದ್ರೂ ದೂರು. ಇಷ್ಟು ದೂರನ್ನ ಅವಳು ಬೇರೆ ಯಾರ ಮೇಲೂ ಹೇಳಿದ್ದಿಲ್ಲ. ಇವಳ ಅಪ್ಪನ ಮೇಲೆ ನಾನೂ ಹೇಳ್ತಿದ್ದೆ, ಮದುವೆಗೆ ಮುಂಚೆ. ನನಗೆ ಮುಜುಗರ ಇಲ್ಲ. ಆದ್ರೆ ನನ್ನನ್ನ ಕೇಳಿ ಏನು ಪ್ರಯೋಜನ?'"

ಕಾರಿಡಾರಿನಲ್ಲಿ ಯಾರೋ ನೀರಿನ ಕ್ಯಾನು ಉರುಳಿಸಿಕೊಂಡು ಹೋದರು. ಅವನು ಆ ಸದ್ದು ಕಳೆಯುವವರೆಗೆ ಕಾದ.

"ಇದು ಅಮ್ಮನ ಮಾತಾಯ್ತು," ಅಂದ. "ನಿಮ್ಮದು?"

ಅವಳು ಬಾಯಿ ತೆರೆದಳು. ಇಷ್ಟು ವರ್ಷ ಯಾರದಾದರೂ ಮಾತು ಮೊದಲು ಕಣ್ಣಿಗೋ ಕಿವಿಗೋ ಬರುತ್ತಿತ್ತು, ಅದನ್ನು ದಾಟಿಸಿದರೆ ಮುಗಿಯುತ್ತಿತ್ತು. ಈಗ ದಾಟಿಸಲು ಬೇರೆ ಯಾರ ಮಾತೂ ಇರಲಿಲ್ಲ. ಅವನು ಅವಸರ ಮಾಡಲಿಲ್ಲ. ಮಾತು ಎತ್ತಿಕೊಡಲೂ ಇಲ್ಲ.

"ದೂರು ಇನ್ನೂ ಮುಗಿದಿಲ್ಲ," ಅಂದಳು ಅವಳು. "ತುಂಬಾ ಇದೆ. ಒಂದು ಸಂಜೇಲಿ ಆಗೋ ಹಾಗೆ ಕಾಣಲ್ಲ. ಕೇಳೋಕೆ ಪುರುಸೊತ್ತಿದ್ರೆ..."

"ಇದೆ," ಅಂದ ಅವನು, ಅಪ್ಪಣೆ ಕೇಳದೆ ನಗುತ್ತ.

ಅಮ್ಮ ಮಗಳ ತೋಳು ಜಗ್ಗಿದಳು. 'ಅವನಿಗೆ ಏನಂದೆ?'

ಮಗಳು ಅಮ್ಮನ ಕಡೆ ತಿರುಗಿದಳು. ಕೈ ಎತ್ತಿ, ಸ್ವಲ್ಪ ಯೋಚಿಸಿ, ಅಂಗೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡಳು.

'ಅದು ನನ್ನದು.'

ಅಮ್ಮ ಹೆಚ್ಚು ಕೇಳಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತು, ತಾನು ಹೋಗಿರುತ್ತೇನೆ, ನೀವು ನಿಧಾನವಾಗಿ ಬನ್ನಿ ಅಂದಳು. ಅಷ್ಟು ಮಾತ್ರ ಅವನಿಗೂ ಅರ್ಥವಾಯಿತು.